ಭೂಮಿಬಂಧನ: ಬಣ್ಣದ ಕೆಳಗಿನ ಬಿಳಿಯ ಕಥೆ

ಭಾರತೀಯ ಚಿತ್ರಕಲೆಯ ಮಾತು ಬಂದಾಗಲೆಲ್ಲ ವಿದ್ವಾಂಸರು ಮೊದಲು ಸ್ಮರಿಸುವುದು ಷಡಂಗಗಳನ್ನು. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬ ಈ ಆರು ಅಂಗಗಳನ್ನು ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಹೇಳಿದ್ದಾನೆ. ಚಿತ್ರಕಲೆಯ ಪರೀಕ್ಷೆಗೆ ಕುಳಿತವರಿಗೆಲ್ಲ ಇದು ಬಾಯಿಪಾಠ. ಆದರೆ ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ, ಹನ್ನೊಂದನೆಯ ಶತಮಾನದ ‘ಸಮರಾಂಗಣ ಸೂತ್ರಧಾರ’ದಲ್ಲಿ ಮತ್ತೊಂದು ಪಟ್ಟಿ ಇದೆ. ಅಲ್ಲಿ ಚಿತ್ರದ ಅಂಗಗಳು ಎಂಟು. ಮೊದಲನೆಯದು ವರ್ತಿಕಾ, ಎಂದರೆ ಬರೆಯುವ ಕಡ್ಡಿ. ಎರಡನೆಯದು ಭೂಮಿಬಂಧನ. ಭೂಮಿ ಎಂದರೆ ಇಲ್ಲಿ ಚಿತ್ರವು ಬೇರೂರಿ ನಿಲ್ಲುವ ನೆಲ; ಅದನ್ನು ಹದಗೊಳಿಸಿ ಕಟ್ಟುವುದೇ ಭೂಮಿಬಂಧನ. ಯಶೋಧರನ ಪಟ್ಟಿ ರಸಿಕನದು, ಭೋಜನ ಪಟ್ಟಿ ಕೆಲಸಗಾರನದು ಎಂದು ನನಗೆ ತೋರುತ್ತದೆ. ಚಿತ್ರವನ್ನು ನೋಡುವವನಿಗೆ ನೆಲ ಕಾಣುವುದಿಲ್ಲ; ಬರೆಯುವವನಿಗೆ ಅದಿಲ್ಲದೆ ಕೈಯೇ ಓಡುವುದಿಲ್ಲ.

ಈ ವಿಷಯವಾಗಿ ಬರೆಯಲು ಒಂದು ಸಣ್ಣ ನಿಮಿತ್ತವಿದೆ. ನನ್ನ ಮೊಮ್ಮಗಳು ಅಕ್ರಿಲಿಕ್ ಬಣ್ಣಗಳಲ್ಲಿ ಚಿತ್ರ ಬರೆಯಲು ಕಲಿಯುತ್ತಿದ್ದಾಳೆ. ಅವಳ ಸಾಮಗ್ರಿಗಳ ನಡುವೆ ‘ಜೆಸ್ಸೊ’ ಎಂದು ಬರೆದಿದ್ದ ಒಂದು ಬಿಳಿಯ ಡಬ್ಬಿಯಿತ್ತು. ಬಟ್ಟೆಯೂ ಬಿಳಿ, ಡಬ್ಬಿಯಲ್ಲಿರುವುದೂ ಬಿಳಿ. ಬಿಳಿಗೆ ಬಿಳಿ ಬಳಿಯುವುದೇಕೆ ಎಂದು ಅವಳ ತಮ್ಮ ಕೇಳಿದ. ಪ್ರಶ್ನೆ ಸಣ್ಣದೇ. ಆದರೆ ಅದಕ್ಕೆ ನೆಟ್ಟಗೆ ಉತ್ತರ ಹೇಳಬೇಕಾದರೆ ಕಲ್ಯಾಣದ ಚಾಲುಕ್ಯರಿಂದ ಹಿಡಿದು ವೆನಿಸ್ಸಿನ ಹಾಯಿಪಟದವರೆಗೆ, ಅಲ್ಲಿಂದ ಜರ್ಮನಿಯ ಒಂದು ಚರ್ಮೋದ್ಯಮದವರೆಗೆ ಹೋಗಬೇಕಾಗುತ್ತದೆ. ಓದುಗರು ತಾಳ್ಮೆಯಿಂದ ಜೊತೆಗೆ ಬರಬೇಕು.

ಮೊದಲು ಇಂದಿನ ಕ್ರಮವನ್ನು ಹೇಳಿಬಿಡುತ್ತೇನೆ. ನಾಲ್ಕು ಮರದ ಪಟ್ಟಿಗಳ ಚೌಕಟ್ಟಿನ ಮೇಲೆ ದಪ್ಪನೆಯ ಹತ್ತಿಬಟ್ಟೆಯನ್ನು ಹಾಸಿ, ಪ್ರತಿ ಪಕ್ಕದ ನಡುವಿನಿಂದ ಆರಂಭಿಸಿ ಮೂಲೆಗಳ ಕಡೆಗೆ ಎಳೆಯುತ್ತ, ಹಿಂಬದಿಯಲ್ಲಿ ಪಿನ್ನು ಹೊಡೆಯುತ್ತ ಬರುತ್ತಾರೆ. ಒಂದು ಪಕ್ಕವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೇಯ್ಗೆಯ ಎಳೆ ಸೊಟ್ಟಗಾಗುತ್ತದೆ, ಎದುರುಬದುರಾಗಿ ಎಳೆಯಬೇಕು. ಬೆರಳಿನಿಂದ ತಟ್ಟಿದರೆ ದಮ್ಮಡಿಯಂತೆ ನುಡಿಯಬೇಕು. (ಈ ಬಟ್ಟೆಗೆ ಇಂಗ್ಲಿಷಿನಲ್ಲಿ ‘ಡಕ್’ ಎಂಬ ಹೆಸರಿದೆ. ಬಾತುಕೋಳಿಗೂ ಅದಕ್ಕೂ ಸಂಬಂಧವಿಲ್ಲ. ಅದು ಬಟ್ಟೆ ಎಂಬ ಅರ್ಥದ ‘ಡೂಕ್’ ಎಂಬ ಡಚ್ ಪದದಿಂದ ಬಂದದ್ದು.) ಅನಂತರ ಜೆಸ್ಸೊಗೆ ಸ್ವಲ್ಪವೇ ನೀರು ಬೆರೆಸಿ, ಅಗಲ ಕುಂಚದಿಂದ ಎಳೆಗಳ ಸಂದಿಗೆ ಇಳಿಯುವಂತೆ ಒಂದು ಲೇಪ. ಒಣಗಿದ ಮೇಲೆ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಮೊದಲ ಲೇಪ ಉದ್ದಕ್ಕೆ ಹೋಗಿದ್ದರೆ ಎರಡನೆಯದು ಅಡ್ಡಕ್ಕೆ. ಬೇಕೆನಿಸಿದರೆ ಮೂರನೆಯದು. ನೀರು ಹೆಚ್ಚಾದರೆ ಅಂಟು ಸೋಲುತ್ತದೆ, ಪದರ ಪುಡಿಯಾಗುತ್ತದೆ. ಇಷ್ಟೇ ಕೆಲಸ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಆ ಮಧ್ಯಾಹ್ನದ ಕೆಲಸಕ್ಕೆ ಹಿಂದೆ ತಿಂಗಳುಗಳು ಹಿಡಿಯುತ್ತಿದ್ದವು.

ನಮ್ಮ ನಾಡಿನ ಸಾಕ್ಷ್ಯದಿಂದಲೇ ಆರಂಭಿಸೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದವನು. ಆರನೆಯ ವಿಕ್ರಮಾದಿತ್ಯನ ಮಗ. ಅವನ ‘ಮಾನಸೋಲ್ಲಾಸ’ವು ಅಡುಗೆ, ಆಟ, ಆನೆ, ರತ್ನ, ಸಂಗೀತ ಎಲ್ಲವನ್ನೂ ಒಳಗೊಂಡ ಒಂದು ಬಗೆಯ ವಿಶ್ವಕೋಶ. ಅದರ ಚಿತ್ರಪ್ರಕರಣದಲ್ಲಿ ರಾಜನು ಬಣ್ಣದಿಂದಲ್ಲ, ಗೋಡೆಯಿಂದ ಮಾತು ತೆಗೆಯುತ್ತಾನೆ. ಗೋಡೆ ನುಣುಪಾಗಿರಬೇಕು. ಅದರ ಮೇಲೆ ಬಳಿಯಲು ‘ವಜ್ರಲೇಪ’ ಬೇಕು. ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಹಾಕಿ ಬೆಣ್ಣೆಯಂತೆ ಮೃದುವಾಗುವವರೆಗೆ ಕುದಿಸಬೇಕು. ಅದನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿ ಇಟ್ಟುಕೊಳ್ಳಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಸೇರಿಸಿ ಕಾಯಿಸಿದರೆ ಕರಗುತ್ತದೆ. ಅದಕ್ಕೆ ಬಿಳಿಯ ಮಣ್ಣು ಕಲಸಿ ಗೋಡೆಗೆ ಮೂರು ಬಾರಿ ಬಳಿಯಬೇಕು, ಒಂದೊಂದು ಪದರವೂ ಒಣಗಿದ ಮೇಲೆ ಇನ್ನೊಂದು. ಅದರ ಮೇಲೆ ಶಂಖದ ಪುಡಿಯ ಲೇಪ, ನೀಲಗಿರಿಯಲ್ಲಿ ದೊರೆಯುವ ಬೆಳದಿಂಗಳಿನಂಥ ಬಿಳಿಯ ಧಾತುವಿನ ಲೇಪ.

ಈ ವರ್ಣನೆಯನ್ನು ಓದಿದಾಗ ನನಗೆ ಆಶ್ಚರ್ಯವಾದದ್ದು ಅದರ ಪ್ರಾಚೀನತೆಯಿಂದಲ್ಲ. ಅಂಟು, ಬಿಳಿ ಪುಡಿ, ಒಣಗಿದ ಮೇಲೆ ಮತ್ತೊಂದು ಪದರ, ಒಟ್ಟು ಮೂರು ಲೇಪ: ಮೊಮ್ಮಗಳ ಡಬ್ಬಿಯ ಹಿಂಬದಿಯಲ್ಲಿದ್ದ ಸೂಚನೆಗೂ ಇದಕ್ಕೂ ಎಷ್ಟು ಕಡಿಮೆ ಅಂತರ! ಒಂಬೈನೂರು ವರ್ಷಗಳಲ್ಲಿ ಬದಲಾದದ್ದು ಮುಖ್ಯವಾಗಿ ಆ ಅಂಟು ಮಾತ್ರ. ಎಮ್ಮೆಯ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ತಮಿಳಿನಲ್ಲಿ ಬಡಗಿಯ ಸರೇಸಿಗೆ ‘ವಚ್ಚಿರಂ’ ಎಂಬ ಹೆಸರಿರುವುದು ಈ ವಜ್ರಲೇಪದ ನೆನಪೇ.

ಇಟಲಿಯಲ್ಲಿ ಇದೇ ಕಾರ್ಯಕ್ಕೆ ಆಧಾರಗ್ರಂಥವೆಂದರೆ 1400ರ ಆಸುಪಾಸಿನಲ್ಲಿ ಚೆನ್ನೀನೊ ಚೆನ್ನೀನಿ ಎಂಬ ಚಿತ್ರಗಾರನು ಬರೆದ ಕೈಪಿಡಿ. ಜೆಸ್ಸೊ ಎಂಬ ಪದವು ಜಿಪ್ಸಂ ಎಂಬುದರ ಇಟಾಲಿಯನ್ ರೂಪ. ಚೆನ್ನೀನಿಯ ಪ್ರಕಾರ ಮರದ ಹಲಗೆಗೆ ಮೊದಲು ಒರಟು ಜೆಸ್ಸೊ ಬಳಿಯಬೇಕು. ಅದರ ಮೇಲೆ ನಯವಾದ ಜೆಸ್ಸೊ. ಈ ಎರಡನೆಯದನ್ನು ಮಾಡುವ ಕ್ರಮ ಸ್ವಾರಸ್ಯಕರವಾದುದು: ಸುಟ್ಟ ಜಿಪ್ಸಮ್ಮನ್ನು ತೊಟ್ಟಿಯ ತುಂಬ ನೀರಿನಲ್ಲಿ ನೆನೆಹಾಕಿ ಒಂದು ತಿಂಗಳ ಕಾಲ ಪ್ರತಿದಿನ ಕದಡುತ್ತಿರಬೇಕು. ಅದರಲ್ಲಿರುವ ಕಾವೆಲ್ಲ ಹೋಗಿ, ಗಟ್ಟಿಯಾಗುವ ಗುಣ ಸತ್ತು, ರೇಷ್ಮೆಯಂತೆ ಮೃದುವಾಗುತ್ತದೆ. ಅದನ್ನು ಆಡು ಕುರಿಗಳ ಚರ್ಮದ ಚೂರುಗಳಿಂದ ತೆಗೆದ ಅಂಟಿನೊಡನೆ ಕಲಸಿ ಕಡಿಮೆಯೆಂದರೂ ಎಂಟು ಸಲ ಬಳಿಯಬೇಕು ಎನ್ನುತ್ತಾನೆ.

ಇಲ್ಲಿ ನಮ್ಮಂಥ ಉಪಾಧ್ಯಾಯರಿಗೆ ಸಂಬಂಧಪಟ್ಟ ಒಂದು ಮಾತನ್ನು ಸೇರಿಸಬೇಕು. ನಾವು ಕರಿಹಲಗೆಯ ಮೇಲೆ ಬರೆದ ಸೀಮೆಸುಣ್ಣದ ಹೆಸರಿನಲ್ಲಿ ಸುಣ್ಣವಿದ್ದರೂ ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ಮಾಡುತ್ತಿದ್ದುದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ, ಎಂದರೆ ಸುಟ್ಟ ಜಿಪ್ಸಮ್ಮಿನಿಂದ. ಆ ಲೆಕ್ಕದಲ್ಲಿ ಚೆನ್ನೀನಿಯ ಜೆಸ್ಸೊ ನಮ್ಮ ಬೆರಳುಗಳ ಮೇಲೆ, ಅಂಗಿಯ ತೋಳಿನ ಮೇಲೆ ಮೂರು ದಶಕ ಕುಳಿತಿತ್ತು. ನಮ್ಮ ಶಾಲೆಯ ಚಿತ್ರಕಲಾ ಉಪಾಧ್ಯಾಯರಿಗೆ ಇದರ ಉಪಯೋಗ ಚೆನ್ನಾಗಿ ತಿಳಿದಿತ್ತು. ವಾರ್ಷಿಕೋತ್ಸವದ ನಾಟಕಕ್ಕೆ ಪರದೆ ಬರೆಯಬೇಕಾದಾಗ ಅವರು ಎಲ್ಲ ತರಗತಿಗಳಿಂದ ಸೀಮೆಸುಣ್ಣದ ತುಂಡುಗಳನ್ನು ಆರಿಸಿ ತರಿಸಿ ಕುಟ್ಟಿಸುತ್ತಿದ್ದರು. ಹುಣಸೆಬೀಜದ ಪುಡಿಯನ್ನು ಕುದಿಸಿ ಗೋಂದು ಮಾಡುತ್ತಿದ್ದರು. ಹಳೆಯ ಪಂಚೆಗಳನ್ನು ಜೋಡಿಸಿ ಹೊಲಿಸಿ, ಬಿದಿರಿನ ಚೌಕಟ್ಟಿಗೆ ಬಿಗಿದು, ಈ ಮಿಶ್ರಣವನ್ನು ತೆಂಗಿನ ನಾರಿನ ಕುಂಚದಿಂದ ಬಳಿಸುತ್ತಿದ್ದರು. ಅರಮನೆ, ಕಾಡು, ನದೀತೀರ ಎಲ್ಲವೂ ಆ ಪಂಚೆಗಳ ಮೇಲೆ ಎದ್ದು ನಿಲ್ಲುತ್ತಿದ್ದವು. ಅವರಿಗೆ ಚೆನ್ನೀನಿಯ ಹೆಸರು ಗೊತ್ತಿರಲಿಲ್ಲ. ಕಂಪನಿ ನಾಟಕಗಳ ಪರದೆ ಬರೆಯುವವರ ಬಳಿ ಬಾಲ್ಯದಲ್ಲಿ ಕಲಿತದ್ದಂತೆ.

ಒಡಿಶಾದ ಪಟಚಿತ್ರಕಾರರದೂ ಇದೇ ದಾರಿ. ಪುರಿಯ ಸಮೀಪದ ರಘುರಾಜಪುರದಲ್ಲಿ ಹಳೆಯ ಸೀರೆಯ ಬಟ್ಟೆಯನ್ನು ಎರಡು ಪದರವಾಗಿ ಹುಣಸೆಬೀಜದ ಅಂಟಿನಿಂದ ಅಂಟಿಸಿ, ಸೀಮೆಸುಣ್ಣದ ಹಿಟ್ಟು ಕಲಸಿದ ಅಂಟನ್ನು ಬಳಿದು, ಒಣಗಿದ ಮೇಲೆ ಮೊದಲು ಒರಟು ಕಲ್ಲಿನಿಂದ, ಆಮೇಲೆ ನಯವಾದ ಕಲ್ಲಿನಿಂದ ತೊಗಲಿನ ಹೊಳಪು ಬರುವವರೆಗೆ ಉಜ್ಜುತ್ತಾರೆ. ಬಂಗಾಳದ ಜಾಮಿನಿ ರಾಯ್ (1887–1972) ಕಲ್ಕತ್ತೆಯ ಕಲಾಶಾಲೆಯಲ್ಲಿ ತೈಲಚಿತ್ರ ಕಲಿತು, ಭಾವಚಿತ್ರಗಳಿಂದ ಹೆಸರು ಮಾಡಿದ ಮೇಲೆ, ಆ ಕ್ಯಾನ್ವಾಸನ್ನು ಬಿಟ್ಟು ಸುಣ್ಣ ಬಳಿದ ಬಟ್ಟೆ, ಚಾಪೆ, ಹಲಗೆಗಳಿಗೆ ಮರಳಿದರು. ಅವರ ಗೆರೆ ಬದಲಾದದ್ದನ್ನು ವಿಮರ್ಶಕರು ವಿಸ್ತಾರವಾಗಿ ಚರ್ಚಿಸಿದ್ದಾರೆ. ನೆಲ ಬದಲಾದದ್ದರಿಂದ ಗೆರೆಯೂ ಬದಲಾಗಿರಬೇಕೆಂಬುದು ನನ್ನ ಊಹೆ.

ನಮ್ಮ ಮೈಸೂರು ಶೈಲಿಯಲ್ಲಿ ಈ ಬಿಳಿಯ ಪದಾರ್ಥವು ನೆಲದಿಂದ ಮೇಲೆದ್ದು ಒಡವೆಯೇ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಅರಳಿದ ಆ ಚಿತ್ರಗಳಲ್ಲಿ ಸಫೇದದ ಪುಡಿ, ಹಳದಿಯ ರಾಳ, ಸರೇಸು ಇವುಗಳನ್ನು ಅರೆದು ಮಾಡಿದ ಲೇಪವನ್ನು ಕುಂಚದಿಂದ ಎಳೆಎಳೆಯಾಗಿ ಇಟ್ಟು, ಕಿರೀಟ, ಹಾರ, ಅಂಚುಗಳನ್ನು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ. ಮೈಸೂರಿನದು ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ತೆಳು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಒಂದೇ ಭೇಟಿಯಲ್ಲಿ ಎರಡು ಭೂಮಿಗಳನ್ನು ನೋಡಬಹುದು: ಒಂದೆಡೆ ಈ ಉಬ್ಬುಚಿತ್ರಗಳು, ಇನ್ನೊಂದೆಡೆ ರವಿವರ್ಮನ ತೈಲಚಿತ್ರಗಳ ಕ್ಯಾನ್ವಾಸು.

ಆ ಕ್ಯಾನ್ವಾಸಿನ ಹುಟ್ಟು ವೆನಿಸ್ಸಿನಲ್ಲಿ ಎನ್ನುವುದು ಪೂರ್ತಿ ಸರಿಯಲ್ಲ. ಬಟ್ಟೆಯ ಮೇಲೆ ಚಿತ್ರ ಬರೆಯುವುದು ಅದಕ್ಕಿಂತ ಬಹಳ ಹಳೆಯದು. ಆದರೆ ದೊಡ್ಡ ಚಿತ್ರಗಳಿಗೆ ಬಟ್ಟೆಯೇ ಮುಖ್ಯ ಆಧಾರವಾದದ್ದು ಹದಿನೈದು ಹದಿನಾರನೆಯ ಶತಮಾನಗಳ ವೆನಿಸ್ಸಿನಲ್ಲಿ. ಸಮುದ್ರದ ನಡುವಿನ ಆ ನಗರದಲ್ಲಿ ಉಪ್ಪುಗಾಳಿ, ಹಸಿಗೋಡೆ. ಗೋಡೆಯ ಮೇಲಿನ ಚಿತ್ರ ಬಾಳುತ್ತಿರಲಿಲ್ಲ. ಹಡಗು ಕಟ್ಟುವ ಊರಾದ್ದರಿಂದ ಹಾಯಿಬಟ್ಟೆಗೆ ಕೊರತೆಯಿರಲಿಲ್ಲ. ಕ್ಯಾನ್ವಾಸ್ ಎಂಬ ಮಾತಿನ ಮೂಲ ‘ಕ್ಯಾನಬಿಸ್’. ಹಾಯಿಯನ್ನು ನೇಯುತ್ತಿದ್ದುದು ಗಾಂಜಾ ಜಾತಿಯ ಗಿಡದ ನಾರಿನಿಂದ. (ಇದನ್ನು ತರಗತಿಯಲ್ಲಿ ಹೇಳಿದ್ದರೆ ಉಳಿದ ಪಾಠ ಯಾರಿಗೂ ನೆನಪಿರುತ್ತಿರಲಿಲ್ಲ.)

ಹಲಗೆಯಿಂದ ಬಟ್ಟೆಗೆ ಬಂದಾಗ ಒಂದು ಹೊಸ ತೊಡಕು ಎದುರಾಯಿತು. ಹಲಗೆ ಬಾಗುವುದಿಲ್ಲ, ಬಟ್ಟೆ ಬಾಗುತ್ತದೆ. ಎಂಟು ಪದರದ ಜಿಪ್ಸಂ ಬಟ್ಟೆಯ ಮೇಲಿದ್ದರೆ ಸುತ್ತಿದ ಕೂಡಲೇ ಸೀಳುತ್ತದೆ. ಚೆನ್ನೀನಿಗೇ ಇದು ಗೊತ್ತಿತ್ತು. ಬಟ್ಟೆಯ ಮೇಲೆ ಜೆಸ್ಸೊ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಎಳೆಗಳ ಸಂದು ತುಂಬಿದರೆ ಸಾಕು, ಮೃದುತ್ವಕ್ಕೆ ಸ್ವಲ್ಪ ಸಕ್ಕರೆ ಸೇರಿಸಿರೆಂದು ಅವನು ಸಲಹೆ ಕೊಟ್ಟಿದ್ದಾನೆ. 1550ರಲ್ಲಿ ತನ್ನ ಪ್ರಸಿದ್ಧ ಕಲಾವಿದರ ಚರಿತ್ರೆಯನ್ನು ಪ್ರಕಟಿಸಿದ ವಸಾರಿ, ಸುತ್ತಿ ಒಯ್ಯಬೇಕಾದ ಬಟ್ಟೆಗೆ ಜೆಸ್ಸೊ ಬೇಡವೆಂದು, ಹಿಟ್ಟು, ಅಕ್ರೋಟಿನ ಎಣ್ಣೆ, ಸೀಸದ ಬಿಳುಪು ಸೇರಿಸಿದ ಸರಿಯನ್ನು ಹೇಳುತ್ತಾನೆ. ವೆರೊನೀಸನ ‘ಕಾನಾದ ಮದುವೆ’ 1563ರಲ್ಲಿ ಮುಗಿದ ಚಿತ್ರ. ಸುಮಾರು ಏಳು ಮೀಟರ್ ಎತ್ತರ, ಹತ್ತು ಮೀಟರ್ ಅಗಲ. 1797ರಲ್ಲಿ ನೆಪೋಲಿಯನ್ನನ ಸೈನ್ಯ ಅದನ್ನು ವೆನಿಸ್ಸಿನ ಮಠದ ಗೋಡೆಯಿಂದ ಇಳಿಸಿ ಪ್ಯಾರಿಸ್ಸಿಗೆ ಸಾಗಿಸಿತು. ಇಂದಿಗೂ ಅದು ಲೂವ್ರ್‌ನಲ್ಲಿದೆ. ಹಲಗೆಯಾಗಿದ್ದರೆ, ಗೋಡೆಯಾಗಿದ್ದರೆ ಅಂಥ ಲೂಟಿ ಅಷ್ಟು ಸುಲಭವಾಗುತ್ತಿರಲಿಲ್ಲ.

ನೆಲ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಅತ್ಯಂತ ಪ್ರಸಿದ್ಧ ಉದಾಹರಣೆ ಲಿಯೊನಾರ್ಡೊನ ‘ಅಂತಿಮ ಭೋಜನ’. 1495ರಿಂದ 1498ರ ಅವಧಿಯಲ್ಲಿ ಮಿಲಾನಿನ ಮಠವೊಂದರ ಗೋಡೆಗೆ ಅವನು ಬರೆದ ಚಿತ್ರವಿದು. ಹಸಿ ಗಾರೆಯ ಮೇಲೆ ಬರೆಯುವುದಾದರೆ ಗಾರೆ ಒಣಗುವ ಮುನ್ನ ಆಯಾ ದಿನದ ಕೆಲಸ ಮುಗಿಯಬೇಕು. ತಡೆದು ತಡೆದು ಬರೆಯುವ ಸ್ವಭಾವದ ಲಿಯೊನಾರ್ಡೊಗೆ ಅದು ಒಗ್ಗಲಿಲ್ಲ. ಒಣಗೋಡೆಗೆ ತನ್ನದೇ ಆದ ಲೇಪಗಳನ್ನು ಕೊಟ್ಟು, ಹಲಗೆಯ ಮೇಲೆ ಬರೆದಂತೆ ಬರೆದನು. ಇಪ್ಪತ್ತು ವರ್ಷ ತುಂಬುವ ಮೊದಲೇ, 1517ರಲ್ಲಿ, ಚಿತ್ರ ಕೆಡುತ್ತಿರುವುದನ್ನು ನೋಡಿದವರೊಬ್ಬರು ಬರೆದಿಟ್ಟಿದ್ದಾರೆ. 1978ರಿಂದ 1999ರವರೆಗೆ ನಡೆದ ಕೊನೆಯ ದೊಡ್ಡ ಜೀರ್ಣೋದ್ಧಾರಕ್ಕೆ ಚಿತ್ರ ಬರೆಯಲು ಹಿಡಿದದ್ದಕ್ಕಿಂತ ಹಲವು ಪಟ್ಟು ಹೆಚ್ಚು ಕಾಲ ಹಿಡಿಯಿತು. ನಮ್ಮ ಬಾದಾಮಿಯ ಮೂರನೆಯ ಗುಹೆಯಲ್ಲಿ, ಮಂಗಳೇಶನ 578ರ ಶಾಸನವಿರುವಲ್ಲಿ, ಚಾವಣಿಯ ಬಾಗಿದ ಅಂಚಿನ ಕೆಳಗೆ ಉಳಿದಿರುವ ಬಣ್ಣದ ಚೂರುಗಳನ್ನು ಕತ್ತೆತ್ತಿ ನೋಡುವಾಗಲೂ ಇದೇ ಯೋಚನೆ ಬರುತ್ತದೆ. ನಾವು ಕಲೆಯ ಇತಿಹಾಸವೆಂದು ಪಾಠ ಹೇಳುವುದು ಬರೆದದ್ದರ ಇತಿಹಾಸವಲ್ಲ. ನೆಲ ಹಿಡಿದಿಟ್ಟುಕೊಂಡದ್ದರ ಇತಿಹಾಸ. ಕಾವ್ಯಗಳಲ್ಲಿ ಚಿತ್ರಪಟಗಳ ಉಲ್ಲೇಖ ಹೇರಳವಾಗಿದೆ. ಆ ಪಟಗಳು ಎಲ್ಲಿ? ಮಳೆಗಾಲ, ಗೆದ್ದಲು, ಬೂಷ್ಟು ಇವುಗಳ ಮುಂದೆ ಚರ್ಮದ ಅಂಟು, ಹಿಟ್ಟಿನ ಅಂಟು ಎರಡೂ ಆಹಾರವೇ.

ಎಣ್ಣೆಬಣ್ಣಕ್ಕೆ ನೆಲ ಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ರಾಸಾಯನಿಕವಾದುದು. ಅಗಸೆ ಎಣ್ಣೆ ಒಣಗುವುದೆಂದರೆ ನೀರಿನಂತೆ ಆವಿಯಾಗುವುದಲ್ಲ; ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವುದು. ಆ ಕ್ರಿಯೆಯಲ್ಲಿ ಹುಟ್ಟುವ ಆಮ್ಲಗಳು ಬಟ್ಟೆಯ ನಾರನ್ನು ವರ್ಷಗಳುದ್ದಕ್ಕೂ ತಿನ್ನುತ್ತವೆ. ಆದ್ದರಿಂದ ಎಣ್ಣೆಗೂ ಬಟ್ಟೆಗೂ ನಡುವೆ ಅಂಟಿನ ತಡೆ ಇರಲೇಬೇಕು. ಆದರೆ ಆ ಚರ್ಮದ ಅಂಟು ಗಾಳಿಯ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಹಳೆಯ ತೈಲಚಿತ್ರಗಳ ಮೇಲೆ ಜೇಡನ ಬಲೆಯಂತೆ ಹರಡಿರುವ ಬಿರುಕುಗಳಿಗೆ ಬಹುಪಾಲು ಈ ಎಳೆದಾಟವೇ ಕಾರಣ.

ಈಗ ಚರ್ಮದಿಂದ ಪ್ಲಾಸ್ಟಿಕ್ಕಿಗೆ ಬರೋಣ. 1901ರಲ್ಲಿ ಜರ್ಮನಿಯ ಓಟ್ಟೊ ರೋಮ್ ಎಂಬ ರಸಾಯನಶಾಸ್ತ್ರಜ್ಞನು ಅಕ್ರಿಲಿಕ್ ಆಮ್ಲದ ಸಂಯುಕ್ತಗಳ ಮೇಲೆ ತನ್ನ ಡಾಕ್ಟರೇಟ್ ಪ್ರಬಂಧ ಬರೆದನು. ಆದರೆ 1907ರಲ್ಲಿ ಅವನು ಓಟ್ಟೊ ಹಾಸ್‌ನೊಡನೆ ಕಂಪನಿ ತೆರೆದದ್ದು ಪ್ಲಾಸ್ಟಿಕ್ಕಿಗಾಗಿ ಅಲ್ಲ, ಚರ್ಮ ಹದ ಮಾಡುವುದಕ್ಕಾಗಿ. ಅಲ್ಲಿಯವರೆಗೆ ತೊಗಲನ್ನು ಮೃದುಗೊಳಿಸಲು ಕೊಳೆಸಿದ ನಾಯಿಯ ಮಲವನ್ನು ಬಳಸುವ ಪದ್ಧತಿಯಿತ್ತು. ಅದರ ಬದಲಿಗೆ ಶುದ್ಧವಾದ ಕಿಣ್ವವೊಂದನ್ನು ರೋಮ್ ತಯಾರಿಸಿದನು. ಆ ವ್ಯಾಪಾರದಿಂದ ಬೆಳೆದ ಕಂಪನಿಯೇ ಮುಂದೆ ಅಕ್ರಿಲಿಕ್ ಗಾಜನ್ನು, ಅದರ ಅಮೆರಿಕದ ಶಾಖೆಯು 1953ರಲ್ಲಿ ನೀರಿನಲ್ಲಿ ಹರಡಿದ ಅಕ್ರಿಲಿಕ್ ಅಂಟನ್ನು ಮಾರುಕಟ್ಟೆಗೆ ತಂದಿತು. ಈ ಅಂಟು ಮೂಲತಃ ಮನೆಯ ಗೋಡೆಗಳಿಗೆ ಬಳಿಯುವ ಬಣ್ಣಕ್ಕಾಗಿ. ಸಾವಿರಾರು ವರ್ಷ ಚಿತ್ರಗಾರನಿಗೆ ನೆಲ ಕಟ್ಟಿಕೊಟ್ಟದ್ದು ಪ್ರಾಣಿಯ ಚರ್ಮ. ಅದನ್ನು ಆ ಸ್ಥಾನದಿಂದ ಇಳಿಸಿದ್ದು ಚರ್ಮೋದ್ಯಮದಿಂದಲೇ ಹೊರಟ ಒಂದು ಸಂಸ್ಥೆ. ಇತಿಹಾಸದಲ್ಲಿ ಇಂಥ ವಿನೋದಗಳಿಗೆ ಬರಗಾಲವಿಲ್ಲ.

ಕಲಾವಿದರು ಅದಕ್ಕೂ ಮೊದಲೇ ಹೊಸ ಅಂಟಿಗಾಗಿ ಹುಡುಕುತ್ತಿದ್ದರು. ಮೆಕ್ಸಿಕೊದ ಭಿತ್ತಿಚಿತ್ರಕಾರರಿಗೆ ಬಿಸಿಲು ಮಳೆಗೆ ಜಗ್ಗದ ಬಣ್ಣ ಬೇಕಾಗಿತ್ತು. ಅವರಲ್ಲೊಬ್ಬನಾದ ಸಿಕೇರೊಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ಕಾರಿನ ಬಣ್ಣಗಳನ್ನು ಬಳಸಿ ಪ್ರಯೋಗಶಾಲೆ ನಡೆಸಿದಾಗ ಅಲ್ಲಿ ಕೆಲಸ ಮಾಡಿದವರಲ್ಲಿ ಯುವಕ ಜಾಕ್ಸನ್ ಪೊಲಾಕ್ ಒಬ್ಬನು. 1947ರಲ್ಲಿ ಲೆನಾರ್ಡ್ ಬೊಕೂರ್ ಮತ್ತು ಸ್ಯಾಮ್ ಗೋಲ್ಡನ್ ಅವರ ‘ಮ್ಯಾಗ್ನಾ’ ಬಂದಿತು. ಅದು ಅಕ್ರಿಲಿಕ್ಕೇ ಆದರೂ ಕರಗುತ್ತಿದ್ದುದು ಟರ್ಪೆಂಟೈನಿನಲ್ಲಿ. ನೀರಿನಲ್ಲಿ ಕಲಸುವ ಅಕ್ರಿಲಿಕ್ಕನ್ನು ಕಲಾವಿದರಿಗೆ ತಲುಪಿಸಿದವನು ಸಿನ್ಸಿನಾಟಿ ನಗರದ ಹೆನ್ರಿ ಲೆವಿಸನ್. 1955ರಲ್ಲಿ ಅವನು ತನ್ನ ಬಣ್ಣಕ್ಕೆ ‘ಲಿಕ್ವಿಟೆಕ್ಸ್’ ಎಂದು ಹೆಸರಿಟ್ಟು, ಅದಕ್ಕೆ ತಕ್ಕ ನೆಲವನ್ನೂ ಡಬ್ಬಿಯಲ್ಲಿ ತುಂಬಿ ಕೊಟ್ಟನು. ಆ ನೆಲಕ್ಕೆ ಅವನು ಕೊಟ್ಟ ಹೆಸರು ಜೆಸ್ಸೊ.

ಹೆಸರು ಹಳೆಯದು, ವಸ್ತು ಪೂರ್ತಿ ಬೇರೆ. ಈ ಜೆಸ್ಸೊದಲ್ಲಿ ಸಾಮಾನ್ಯವಾಗಿ ಜಿಪ್ಸಂ ಇಲ್ಲ, ಚರ್ಮದ ಅಂಟು ಇಲ್ಲವೇ ಇಲ್ಲ. ಇರುವುದು ಅಕ್ರಿಲಿಕ್ ಅಂಟು, ಸುಣ್ಣಕಲ್ಲಿನ ಪುಡಿ ಮತ್ತು ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್. ವಿಷಕಾರಿಯಾದ ಸೀಸದ ಬಿಳುಪಿನ ಜಾಗವನ್ನು ಈ ಟೈಟಾನಿಯಂ ಹಿಡಿಯತೊಡಗಿದ್ದು ಮೊದಲನೆಯ ಮಹಾಯುದ್ಧದ ಅನಂತರ. ಅದರ ಅದಿರು ನಮ್ಮ ನೆರೆಯ ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿದೆ. ತಿರುವನಂತಪುರದಲ್ಲಿ ಇದಕ್ಕೆಂದೇ ಒಂದು ಕಾರ್ಖಾನೆ 1946ರಲ್ಲಿ ಸ್ಥಾಪನೆಯಾಯಿತು. ಸೋಮೇಶ್ವರನ ಬಿಳಿಯ ಧಾತುವೂ ದಕ್ಷಿಣದ ನೆಲದಿಂದಲೇ ಬಂದಿತ್ತಷ್ಟೆ! ಹೆಸರಿನ ಗೊಂದಲದಿಂದ ಒಂದು ತೊಂದರೆಯೂ ಇದೆ. ಹಳೆಯ ಪುಸ್ತಕದಲ್ಲಿ ಜೆಸ್ಸೊ ಎಂಬುದನ್ನು ಓದಿ ಚರ್ಮದ ಅಂಟಿನ ಲೇಪವನ್ನು ಬಟ್ಟೆಗೆ ದಪ್ಪವಾಗಿ ಬಳಿದರೆ ಅದು ಸೀಳುತ್ತದೆ. ಹೊಸ ಜೆಸ್ಸೊ ಬಟ್ಟೆಯೊಡನೆ ಬಾಗುತ್ತದೆ.

ಅಕ್ರಿಲಿಕ್ಕಿನಲ್ಲಿ ನಾರನ್ನು ತಿನ್ನುವ ಆ ಆಮ್ಲಗಳಿಲ್ಲ. ನೀರು ಆರಿದಂತೆ ಸೂಕ್ಷ್ಮಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಹಾಗಾದರೆ ನೆಲವನ್ನೇ ಬಿಟ್ಟರೆ? ಅಮೆರಿಕದ ಹೆಲೆನ್ ಫ್ರಾಂಕೆಂಥಾಲರ್ 1952ರಲ್ಲಿ ‘ಮೌಂಟನ್ಸ್ ಅಂಡ್ ಸೀ’ ಎಂಬ ದೊಡ್ಡ ಚಿತ್ರವನ್ನು ಲೇಪವಿಲ್ಲದ ಬರಿಯ ಬಟ್ಟೆಯನ್ನು ನೆಲಕ್ಕೆ ಹಾಸಿ, ತೆಳುವಾಗಿಸಿದ ಎಣ್ಣೆಬಣ್ಣವನ್ನು ಸುರಿದು ಬರೆದಳು. ಬಣ್ಣದ ಸುತ್ತ ಎಣ್ಣೆ ಹರಡಿ ನೆರಳಿನಂಥ ಕಲೆಗಳಾದವು. 1960ರ ದಶಕದಲ್ಲಿ ಅವಳು ಅಕ್ರಿಲಿಕ್ಕಿಗೆ ತಿರುಗಿದಳು. ಬ್ರಿಟನ್ನಿನ ಡೇವಿಡ್ ಹಾಕ್ನಿ 1967ರಲ್ಲಿ ಬರೆದ ‘ಎ ಬಿಗ್ಗರ್ ಸ್ಪ್ಲ್ಯಾಷ್’ನ ಸುತ್ತಲಿನ ಅಗಲವಾದ ಅಂಚು ಬರಿಯ ಬಟ್ಟೆಯೇ. ಬೇರೆ ಮಾತಿನಲ್ಲಿ ಹೇಳುವುದಾದರೆ, ಶತಮಾನಗಳ ಕಾಲ ಕಡ್ಡಾಯವಾಗಿದ್ದ ಭೂಮಿಬಂಧನವು ಮೊದಲ ಬಾರಿಗೆ ಕಲಾವಿದನ ಇಚ್ಛೆಗೆ ಬಿಟ್ಟ ವಿಷಯವಾಯಿತು.

ಹೀಗಿದ್ದರೂ ಬಿಳಿಗೆ ಬಿಳಿ ಬಳಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರವಿದೆ. ಬರಿಯ ಬಟ್ಟೆ ಬಣ್ಣವನ್ನು ಕುಡಿಯುತ್ತದೆ. ದುಬಾರಿ ಬಣ್ಣ ಹಿಂಬದಿಗೆ ಹೋಗುತ್ತದೆ. ಬಟ್ಟೆಯ ಬಿಳುಪು ನಿಜವಾದ ಬಿಳುಪಲ್ಲ, ತೆಳುಬಣ್ಣ ಅದರ ಮೇಲೆ ಮಂಕಾಗುತ್ತದೆ. ಜೆಸ್ಸೊದ ಸೂಕ್ಷ್ಮವಾದ ಒರಟು ಬಣ್ಣವನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದು ಕಾರಣ ಈಚೆಗೆ ತಿಳಿದದ್ದು: ಅಕ್ರಿಲಿಕ್ಕಿನಲ್ಲಿರುವ ನೀರು ಬಟ್ಟೆಯೊಳಗೆ ಇಳಿದು, ನಾರಿನಲ್ಲಿರುವ ಕಂದು ಕಲ್ಮಷವನ್ನು ಕರಗಿಸಿಕೊಂಡು, ಒಣಗುವಾಗ ಮೇಲಕ್ಕೆ ತರುತ್ತದೆ. ದಪ್ಪನೆಯ ಪಾರದರ್ಶಕ ಪದರಗಳು ಇದರಿಂದ ಹಳದಿಯಾಗುತ್ತವೆ. ಇದನ್ನು ತಡೆಯಲು ಜೆಸ್ಸೊ ಒಂದೇ ಸಾಲದು, ಅದರ ಕೆಳಗೆ ಪಾರದರ್ಶಕವಾದ ಅಕ್ರಿಲಿಕ್ ಅಂಟಿನ ಲೇಪವೂ ಬೇಕೆಂದು ತಿಳಿದವರು ಹೇಳುತ್ತಾರೆ.

ಒಂದು ನಿಯಮವನ್ನು ಮಾತ್ರ ಯಾವ ಕಾಲದಲ್ಲೂ ಮೀರುವಂತಿಲ್ಲ. ಅಕ್ರಿಲಿಕ್ ನೆಲದ ಮೇಲೆ ಎಣ್ಣೆಬಣ್ಣ ನಿಲ್ಲುತ್ತದೆ. ಎಣ್ಣೆಯ ನೆಲದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಮೇಲೆ ಹೇಳಿದ ನಮ್ಮ ಚಿತ್ರಕಲಾ ಉಪಾಧ್ಯಾಯರು ನಿವೃತ್ತಿಯ ಹಿಂದಿನ ವರ್ಷ ಶಾಲೆಯ ಸಭಾಂಗಣಕ್ಕೆಂದು ಊರಿನ ಕೆರೆಯ ಒಂದು ದೊಡ್ಡ ಚಿತ್ರವನ್ನು ಎಣ್ಣೆಬಣ್ಣದಲ್ಲಿ ಬರೆದುಕೊಟ್ಟಿದ್ದರು. ಕೆರೆಯ ಏರಿ, ಅದರ ಮೇಲಿನ ಹುಣಸೆಮರಗಳ ಸಾಲು, ಬಟ್ಟೆ ಒಗೆಯುವ ಕಲ್ಲುಗಳು. ಆ ಕೆರೆ ಈಗ ಬಡಾವಣೆಯಾಗಿದೆ. ಹಲವು ವರ್ಷಗಳ ಮೇಲೆ, ಶಾಲೆಯ ಸಮಾರಂಭವೊಂದಕ್ಕೆ ಸುಣ್ಣಬಣ್ಣ ಮಾಡಿಸುವಾಗ ಆ ಚಿತ್ರವೂ ಮಂಕಾಗಿದೆಯೆಂದು ಯಾರೋ ಅದನ್ನು ಒಬ್ಬರಿಂದ ಹೊಸದಾಗಿಸಿದರು. ಎಣ್ಣೆಬಣ್ಣದ ಮೇಲೆಯೇ ಅಕ್ರಿಲಿಕ್ ಬಳಿದಿದ್ದರು. ಒಂದು ವರ್ಷ ಥಳಥಳಿಸಿತು. ಎರಡನೆಯ ಮಳೆಗಾಲದಲ್ಲಿ ಹೊಸ ಬಣ್ಣ ಬಾಳೆಯೆಲೆಯ ಸಿಪ್ಪೆಯಂತೆ ಸುರುಳಿ ಸುರುಳಿಯಾಗಿ ಎದ್ದಿತು; ಏಳುವಾಗ ಕೆಳಗಿನ ಹಳೆಯ ಬಣ್ಣವನ್ನೂ ಅಲ್ಲಲ್ಲಿ ಕಿತ್ತುಕೊಂಡು ಬಂದಿತು. ಕಸಬರಿಗೆಯಿಂದ ಅದನ್ನು ಗುಡಿಸಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಚೌಕಟ್ಟನ್ನು ಮಾತ್ರ ಉಳಿಸಿಕೊಂಡು ಅದರೊಳಗೆ ಗಣ್ಯರ ಫೋಟೊ ಹಾಕಿದರು. ಆ ಮೇಷ್ಟರು ಅಷ್ಟರಲ್ಲಿ ತೀರಿಕೊಂಡಿದ್ದರು. ಕೆರೆಯ ಛಾಯಾಚಿತ್ರವಾಗಲಿ ಆ ಚಿತ್ರದ ಛಾಯಾಚಿತ್ರವಾಗಲಿ ನನಗೆ ತಿಳಿದಂತೆ ಯಾರ ಬಳಿಯೂ ಇಲ್ಲ.

ಇಂದಿನ ಕಲಾಶಿಕ್ಷಕರಲ್ಲಿ ಕೆಲವರು ಡಬ್ಬಿಯ ಜೆಸ್ಸೊ ದುಬಾರಿಯೆಂದು ಫೆವಿಕ್ಕಾಲಿಗೆ ಸೀಮೆಸುಣ್ಣದ ಪುಡಿ, ಬಿಳಿಯ ಪೋಸ್ಟರ್ ಬಣ್ಣ ಬೆರೆಸಿ ಮನೆಯಲ್ಲೇ ತಯಾರಿಸಿಕೊಳ್ಳುತ್ತಾರೆ. ಅಭ್ಯಾಸದ ಚಿತ್ರಕ್ಕೆ ಇದು ಧಾರಾಳವಾಗಿ ಸಾಕು. ಉಳಿಯಬೇಕೆಂದು ಬರೆಯುವ ಚಿತ್ರಕ್ಕೆ ನಾನಾದರೆ ಹಣ ಕೊಟ್ಟು ಕೊಂಡದ್ದನ್ನೇ ಬಳಸು ಎನ್ನುತ್ತೇನೆ.

ಆದರೆ ಕೊಂಡದ್ದು ಎಷ್ಟು ಕಾಲ ಉಳಿಯುತ್ತದೆ? ‘ಕಾನಾದ ಮದುವೆ’ಗೆ ನಾಲ್ಕುನೂರ ಅರವತ್ತು ವರ್ಷ ದಾಟಿದೆ. ಅಕ್ರಿಲಿಕ್ ನೆಲದ ಮೇಲಿನ ಅತ್ಯಂತ ಹಳೆಯ ಚಿತ್ರಗಳಿಗೆ ಈಗಷ್ಟೇ ಎಪ್ಪತ್ತು. ಅವು ಬಿರುಕು ಬಿಡುವುದು ಕಡಿಮೆ, ಹಳದಿಯಾಗುವುದೂ ಕಡಿಮೆ. ಅವುಗಳ ತೊಂದರೆ ಬೇರೆ ಬಗೆಯದು: ಸಾಮಾನ್ಯ ಉಷ್ಣತೆಯಲ್ಲೂ ಆ ಪೊರೆ ಸ್ವಲ್ಪ ಮೆತ್ತಗೇ ಇರುತ್ತದೆ, ಆದ್ದರಿಂದ ಧೂಳು ಅದರ ಮೇಲೆ ಕೂರುವುದಿಲ್ಲ, ಒಳಕ್ಕೆ ಹೂತುಕೊಳ್ಳುತ್ತದೆ. ನೀರಿನಿಂದ ಒರೆಸಿದರೆ ಬಣ್ಣದೊಳಗಿನ ಸಾಬೂನಿನಂಥ ಪದಾರ್ಥವೂ ಹೊರಬರುತ್ತದೆ. ಲಂಡನ್ನಿನ ಟೇಟ್ ಸಂಗ್ರಹಾಲಯ ಮೊದಲಾದ ಕಡೆಗಳಲ್ಲಿ ಈ ಶುಚಿಗೊಳಿಸುವ ವಿಧಾನದ ಬಗ್ಗೆಯೇ ವರ್ಷಗಟ್ಟಲೆ ಸಂಶೋಧನೆ ನಡೆದಿದೆ. ನಮ್ಮ ಚೈತ್ರ ವೈಶಾಖದ ಸೆಕೆಯಲ್ಲಿ ಅಂಥ ಎರಡು ಚಿತ್ರಗಳನ್ನು ಮುಖಕ್ಕೆ ಮುಖ ತಾಗಿಸಿ ಒರಗಿಸಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಬೆನ್ನಿಗೆ ಬೆನ್ನು ಮಾಡಿ, ಸುತ್ತ ಗಾಳಿಯಾಡುವಂತೆ ನಿಲ್ಲಿಸಬೇಕು.